ಲಕ್ಷ ಎಲ್ಲಿಂದ ತಂದೆಯಪ್ಪಾ?

ಮೊದಲೇ ಹೇಳಿಬಿಡುತ್ತೇನೆ. ಇದು ನಾನು ಮಾಡಿದ ಒಂದು ತಪ್ಪಿನ ಕಥೆ. ಅಂಚೆಚೀಟಿಯ ಕಥೆಯೂ ಹೌದು. ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜನ ಕಾಲದ ಅಂಚೆಚೀಟಿಯೋ ಲಕೋಟೆಯೋ ಇದ್ದರೆ ಪೂರ್ತಿ ಓದಿ.

2019ರ ಸೆಪ್ಟೆಂಬರ್ ಕೊನೆಯ ವಾರ. ಗಾಂಧೀಜಿಯ 150ನೇ ಜಯಂತಿಗೆ ಜಿಲ್ಲೆಯಿಂದ ಏನಾದರೂ ವಿಶೇಷ ವರದಿ ಕೊಡು ಅಂತ ನಾನು ಸುದ್ದಿ ಕಳಿಸುತ್ತಿದ್ದ ಪತ್ರಿಕೆಯಿಂದ ಫೋನ್ ಬಂತು. ಗಾಂಧೀಜಿ ನಂದಿಬೆಟ್ಟದಲ್ಲಿ ವಿಶ್ರಾಂತಿಗೆ ಇದ್ದದ್ದನ್ನು ಎಲ್ಲರೂ ಬರೆದಾಗಿತ್ತು. ಸ್ಟ್ರಿಂಗರ್ ಅಂದರೆ ನಿಮಗೆ ಗೊತ್ತಲ್ಲ, ತಿಂಗಳ ಸಂಬಳ ಇಲ್ಲ, ಅಚ್ಚಾದ ಸುದ್ದಿಗೆ ಮಾತ್ರ ಕಾಸು. ಹೊಸದೇನಾದರೂ ಬೇಕಿತ್ತು.

ಆಗ ನೆನಪಾದವರು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದ ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಅವರ ಹೆಸರು ಇಲ್ಲಿ ಬೇಡ ಅಂತ ಮನೆಯವರು ಹೇಳಿದ್ದಾರೆ, ಹಾಗಾಗಿ ಮೇಷ್ಟ್ರು ಅಂತಲೇ ಕರೆಯುತ್ತೇನೆ. ಅವರಿಗೆ ಇಂಗ್ಲೆಂಡಿನಲ್ಲಿ ಒಬ್ಬ ಪತ್ರಮಿತ್ರರು. ಅವರೂ ಮೇಷ್ಟ್ರೇ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. 1966ರಿಂದ 2008ರವರೆಗೆ ಕಾಗದ ಬರೆದುಕೊಂಡರು. ಆ ಕಡೆಯಿಂದ ಕಾಗದ ಬರುತ್ತಿದ್ದದ್ದು ಬರೀ ಲಕೋಟೆಯಲ್ಲಲ್ಲ, ಫಸ್ಟ್ ಡೇ ಕವರ್‌ನಲ್ಲಿ.

ಫಸ್ಟ್ ಡೇ ಕವರ್ ಅಂದರೆ ಏನು ಅಂತ ಎರಡು ಮಾತಲ್ಲಿ ಹೇಳುತ್ತೇನೆ. ಹೊಸ ಅಂಚೆಚೀಟಿ ಬಿಡುಗಡೆಯಾದ ದಿನವೇ ಅದನ್ನು ಒಂದು ಲಕೋಟೆಗೆ ಅಂಟಿಸಿ, ಅದೇ ದಿನದ ತಾರೀಕಿನ ಮುದ್ರೆ ಹಾಕಿಸುತ್ತಾರೆ. ಮುದ್ರೆಯ ತಾರೀಕು ಮಾರನೆಯ ದಿನದ್ದಾದರೆ ಅದು ಸಾಮಾನ್ಯ ಲಕೋಟೆ. ಬಹಳ ಸಲ ಲಕೋಟೆಯ ಎಡಗಡೆ ಅಂಚೆಚೀಟಿಯ ವಿಷಯದ ಚಿತ್ರವೂ ಇರುತ್ತದೆ. ನಮ್ಮ ಅಂಚೆ ಇಲಾಖೆಯೂ ಇದನ್ನು ಮಾಡುತ್ತದೆ.

ಬ್ರಿಟಿಷ್ ಅಂಚೆಚೀಟಿಯ ಮೇಲೆ ಒಂದು ವಿಶೇಷ ಇದೆ. ಅದರಲ್ಲಿ ದೇಶದ ಹೆಸರೇ ಇರುವುದಿಲ್ಲ, ರಾಜನದೋ ರಾಣಿಯದೋ ತಲೆ ಮಾತ್ರ. ಜಗತ್ತಿನ ಮೊದಲ ಅಂಚೆಚೀಟಿ 'ಪೆನ್ನಿ ಬ್ಲ್ಯಾಕ್' 1840ರ ಮೇ 6ರಿಂದ ಚಲಾವಣೆಗೆ ಬಂದದ್ದು ಅಲ್ಲೇ. ಆಗ ಬೇರೆ ಯಾವ ದೇಶದಲ್ಲೂ ಅಂಚೆಚೀಟಿ ಇರಲಿಲ್ಲ, ಹೆಸರು ಹಾಕುವ ಅಗತ್ಯ ಬೀಳಲಿಲ್ಲ. ಆ ರೂಢಿ ಈಗಲೂ ಇದೆ.

ಮೇಷ್ಟ್ರು ನನ್ನ ಮುಂದೆ ಆಲ್ಬಮ್ ಬಿಚ್ಚಿ ಒಂದು ಲಕೋಟೆ ತೋರಿಸಿದರು. 1969ರ ಆಗಸ್ಟ್ 13ರ ಮುದ್ರೆ. 1 ಷಿಲಿಂಗ್ 6 ಪೆನ್ಸ್ ಬೆಲೆಯ ಅಂಚೆಚೀಟಿ. ಅದರಲ್ಲಿ ಗಾಂಧೀಜಿ, ಜೊತೆಗೆ ನಮ್ಮ ಬಾವುಟ. ಗಾಂಧೀಜಿಯ ನೂರನೇ ವರ್ಷಕ್ಕೆ ಬ್ರಿಟನ್ನೇ ತಂದದ್ದು. ಅದನ್ನು ವಿನ್ಯಾಸ ಮಾಡಿದವರು ಬಂಗಾಳದ ಬಿಮನ್ ಮಲ್ಲಿಕ್. ಬ್ರಿಟಿಷ್ ಅಂಚೆಚೀಟಿಗೆ ಚಿತ್ರ ಮಾಡಿದ ಮೊದಲ ಹೊರದೇಶದ ಕಲಾವಿದ ಅವರು.

ಆ ಲಕೋಟೆಯ ವಿಳಾಸ ಗೌರಿಬಿದನೂರಿನ ಹೈಸ್ಕೂಲಿನದು. ಮೇಷ್ಟ್ರು ಆಗ ಅಲ್ಲಿದ್ದರು. "ನೋಡಪ್ಪಾ, 1938ರ ಏಪ್ರಿಲ್ 25ಕ್ಕೆ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸೋಕೆ ಅಂತ ಸೇರಿದ್ದ ಜನರ ಮೇಲೆ ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದ್ರು. ಅದೇ ತಾಲ್ಲೂಕಿಗೆ, 31 ವರ್ಷ ಆದ್ಮೇಲೆ, ನಮ್ಮ ಬಾವುಟ ಇಂಗ್ಲೆಂಡ್ ರಾಣಿ ಅಂಚೆಚೀಟಿ ಮೇಲೆ ಕೂತ್ಕೊಂಡು ಬಂತು. ಇದನ್ನ ಬರಿ" ಅಂದರು.

ಎಷ್ಟು ಒಳ್ಳೆಯ ಸುದ್ದಿ. ಅದಷ್ಟನ್ನೇ ಬರೆದಿದ್ದರೆ ಸಾಕಿತ್ತು.

ನಾನು ಮನೆಗೆ ಬಂದು ಫೋನಿನಲ್ಲಿ 'ಗಾಂಧಿ ಅಂಚೆಚೀಟಿ ಹರಾಜು' ಅಂತ ಹುಡುಕಿದೆ. 2017ರಲ್ಲಿ ಗಾಂಧೀಜಿಯ ನಾಲ್ಕು ಅಂಚೆಚೀಟಿಗಳು 5 ಲಕ್ಷ ಪೌಂಡಿಗೆ, ಅಂದರೆ ಸುಮಾರು 4 ಕೋಟಿ ರೂಪಾಯಿಗೆ ಮಾರಾಟವಾದ ಸುದ್ದಿ ಸಿಕ್ಕಿತು. ಅದು ಭಾರತವೇ 1948ರಲ್ಲಿ ತಂದ 10 ರೂಪಾಯಿ ಅಂಚೆಚೀಟಿ, ಮೇಲೆ 'ಸರ್ವಿಸ್' ಅಂತ ಅಚ್ಚು ಹಾಕಿ ಸರ್ಕಾರಿ ಬಳಕೆಗೆ ಕೊಟ್ಟ ಕೆಲವೇ ಕೆಲವು. ಮೇಷ್ಟ್ರ ಹತ್ತಿರ ಇದ್ದದ್ದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆದರೂ ಅದನ್ನು ಇದಕ್ಕೆ ಗಂಟು ಹಾಕಿದೆ. 'ಮೇಷ್ಟ್ರ ಟ್ರಂಕಿನಲ್ಲಿ ಲಕ್ಷಾಂತರ ಬೆಲೆಯ ಗಾಂಧಿ!' ಅನ್ನುವ ತಲೆಬರಹವನ್ನೂ ನಾನೇ ಬರೆದು ಕಳಿಸಿದೆ. ಮೂರು ಕಾಲಂ ಬಂತು.

ಪೇಪರ್ ಕೊಡಲು ಹೋದಾಗ ಮೇಷ್ಟ್ರು ಕನ್ನಡಕ ಏರಿಸಿ ಓದಿದರು. "ಚೆನ್ನಾಗಿ ಬರ್ದಿದ್ದೀಯ. ಆದ್ರೆ ಈ ಲಕ್ಷ ಎಲ್ಲಿಂದ ತಂದೆಯಪ್ಪಾ?" ಅಂದರು. ನಾನು ನಕ್ಕೆ. ಅವರು ನಗಲಿಲ್ಲ. ಅಮ್ಮ ಕಾಫಿ ತಂದಿಟ್ಟು, ಆ ಪೇಪರನ್ನು ಮಡಚಿ ಒಳಗೆ ತೆಗೆದುಕೊಂಡು ಹೋದರು.

ಕೋವಿಡ್ ಎರಡನೇ ಅಲೆಯಲ್ಲಿ ಮೇಷ್ಟ್ರು ತೀರಿಕೊಂಡರು.

ಕಳೆದ ವರ್ಷ ಜೂನ್‌ನಲ್ಲಿ ಅಮ್ಮನೇ ಫೋನ್ ಮಾಡಿದರು. ಹೋದೆ. ಮೊಮ್ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು, 70 ಸಾವಿರ ಕಟ್ಟಬೇಕಿತ್ತು. ಆಲ್ಬಮ್ ಹೊರಗೆ ಬಂತು. ಮೊದಲ ಪುಟದಲ್ಲೇ ನಾನು ಬರೆದ ವರದಿ, ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದರು.

"ನೀನು ಬರ್ದಿದ್ದೀಯಲ್ಲ, ಲಕ್ಷ ಬರುತ್ತೆ ಅಂತ. ಎಲ್ಲಿ ಮಾರೋದು ಅಂತ ನೀನೇ ಹೇಳು" ಅಂದರು ಅಮ್ಮ. ಆ ಲಕ್ಷವನ್ನು ನಂಬಿಕೊಂಡು ಬ್ಯಾಂಕಿನ ವಿದ್ಯಾಸಾಲಕ್ಕೂ ಓಡಾಡಿರಲಿಲ್ಲ. ಸಾಲದ್ದಕ್ಕೆ ಮೇಷ್ಟ್ರ ಅಣ್ಣನ ಮಕ್ಕಳು 'ದೊಡ್ಡಪ್ಪ, ಚಿಕ್ಕಪ್ಪ ಒಟ್ಟಿಗಿದ್ದಾಗ ಬಂದ ಆಸ್ತಿ, ನಮಗೂ ಭಾಗ ಬೇಕು' ಅಂತ ಎರಡು ಸಲ ಪಂಚಾಯಿತಿ ಸೇರಿಸಿದ್ದರಂತೆ. ಒಂದು ತಲೆಬರಹದಿಂದ ಇಷ್ಟೆಲ್ಲ. ನನ್ನ ಬಾಯಲ್ಲಿ ಮಾತು ಹೊರಡಲಿಲ್ಲ.

ಒಂದು ವಾರದ ನಂತರ ಅಮ್ಮ, ಮೊಮ್ಮಗಳು, ನಾನು ಹೊಸಕೋಟೆ ಮೇಲಿನ ಬಸ್ಸಿನಲ್ಲಿ ಬೆಂಗಳೂರಿಗೆ ಹೋದೆವು. ಆಲ್ಬಮ್‌ಗಳನ್ನು ಅಮ್ಮ ಹಳೇ ರೇಷ್ಮೆ ಸೀರೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಅಂಚೆಚೀಟಿ ವ್ಯಾಪಾರಿ ವಯಸ್ಸಾದವರು, ತಾಳ್ಮೆಯವರು. ಒಟ್ಟು 216 ಲಕೋಟೆ. ಒಂದೊಂದನ್ನೂ ಚಿಮುಟದಲ್ಲಿ ಹಿಡಿದು ನೋಡಿದರು. ಎರಡು ಗಂಟೆ ಹಿಡಿಯಿತು. ಆಮೇಲೆ ಅಮ್ಮನ ಕಡೆ ತಿರುಗಿ ಹೇಳಿದರು: "ಅಮ್ಮಾ, 1964ರಲ್ಲಿ ಶೇಕ್ಸ್‌ಪಿಯರ್ ಅಂಚೆಚೀಟಿ ಬಂದಾಗಿಂದ ಅಲ್ಲಿನ ಅಂಚೆ ಇಲಾಖೆಯೇ ಈ ಕವರ್ ಅಚ್ಚು ಹಾಕಿ ಮಾರೋಕೆ ಶುರು ಮಾಡ್ತು. ಮುಂದೆ ಬೆಲೆ ಬರುತ್ತೆ ಅಂತ ಜನ ಕೊಂಡು ಕೊಂಡು ಜೋಪಾನ ಮಾಡಿದ್ರು. ಎಲ್ರೂ ಜೋಪಾನ ಮಾಡಿದ್ದಕ್ಕೆ ಬೆಲೆ ಎಲ್ಲಿಂದ ಬರುತ್ತೆ?"

1981ರ ಚಾರ್ಲ್ಸ್–ಡಯಾನಾ ಮದುವೆಯ ಕವರ್ ಎತ್ತಿ ತೋರಿಸಿ, "ಇದು ಇಂಗ್ಲೆಂಡಲ್ಲಿ ಮನೆಮನೆಯಲ್ಲೂ ಇರುತ್ತೆ" ಅಂದರು. 1966ರ ಫುಟ್‌ಬಾಲ್ ವಿಶ್ವಕಪ್ ಗೆದ್ದಾಗಿನ 'ಇಂಗ್ಲೆಂಡ್ ವಿನ್ನರ್ಸ್' ಕವರ್ ಪರವಾಗಿಲ್ಲ, ಗಾಂಧಿ ಕವರ್‌ಗೆ ಕೆಲವು ನೂರು ಸಿಗಬಹುದು, ಉಳಿದವು ಗುಂಪಿನಲ್ಲಿ ಹೋಗಬೇಕು ಅಂದರು. ಕೊಳ್ಳುವವರಿಗೆ ವಿಳಾಸ ಬರೆಯದ ಖಾಲಿ ಕವರ್ ಇಷ್ಟ. ಇವುಗಳ ಮೇಲೆ ಪೆನ್ನಿನಲ್ಲಿ ವಿಳಾಸ ಇದೆ, ಹಿಂದೆ ಮೇಷ್ಟ್ರು ತಲುಪಿದ ತಾರೀಕು ಬರೆದಿದ್ದಾರೆ, ಕೆಲವಕ್ಕೆ ಕಂದು ಚುಕ್ಕೆ ಬಿದ್ದಿದೆ. ಎಲ್ಲವೂ ಬೆಲೆ ಕಡಿಮೆ ಮಾಡುವ ಕಾರಣಗಳೇ.

ಅಮ್ಮ ನನ್ನ ಕಡೆ ನೋಡಲಿಲ್ಲ. ನೋಡಿ ಬೈದಿದ್ದರೆ ಚೆನ್ನಾಗಿತ್ತು.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ನಾನು ವಾರಕ್ಕೆರಡು ಸಲ ಸುದ್ದಿಗೆ ಹೋಗುತ್ತೇನೆ. ಅಲ್ಲಿ ರೀಲರ್ ಗೂಡನ್ನು ಹಿಡಿಯಲ್ಲಿ ಎತ್ತಿ, ಅಮುಕಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾನೆ. ನೂಲು ಎಷ್ಟು ಬಿಚ್ಚುತ್ತದೆ ಅಂತ ಲೆಕ್ಕ ಹಾಕಿ ಮೊಬೈಲಿನಲ್ಲಿ ಬೆಲೆ ಕೂಗುತ್ತಾನೆ. ರೈತ ತಿಂಗಳು ನಿದ್ದೆಗೆಟ್ಟದ್ದು ಅವನ ಲೆಕ್ಕದಲ್ಲಿ ಬರುವುದಿಲ್ಲ. ಅದು ಅವನ ತಪ್ಪೂ ಅಲ್ಲ. ಆದರೆ ಬೆಲೆ ಒಪ್ಪದಿದ್ದರೆ 'ಕೊಡಲ್ಲ' ಅನ್ನುವ ಹಕ್ಕು ರೈತನಿಗಿದೆ. ಅಂಚೆಚೀಟಿ ಹರಾಜಿನಲ್ಲೂ ಹಾಗೆಯೇ. ಇಷ್ಟಕ್ಕಿಂತ ಕಡಿಮೆಗೆ ಬಿಡುವುದಿಲ್ಲ ಅಂತ ಮೊದಲೇ ಬರೆಸಬಹುದು. ಅದಕ್ಕೆ ರಿಸರ್ವ್ ಬೆಲೆ ಅನ್ನುತ್ತಾರೆ. ಮಾರಿಕೊಡುವವರು ಕಮಿಷನ್ ಹಿಡಿಯುತ್ತಾರೆ. ಅದೆಷ್ಟು ಅಂತಲೂ ಮೊದಲೇ ಕೇಳಬೇಕು.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅವರು ಒಂದು ರಾತ್ರಿ ಯೋಚನೆ ಮಾಡಿ, ಮಾರೋಣ ಅಂದರು. ಮಾರುವ ಮುಂಚೆ ಮೊಮ್ಮಗಳು ಪ್ರತಿ ಲಕೋಟೆಯೊಳಗಿನ ಕಾಗದವನ್ನು ಹೊರಗೆ ತೆಗೆದಿಟ್ಟುಕೊಂಡಳು. ವ್ಯಾಪಾರಿ ಅದಕ್ಕೆ ಅಡ್ಡಿ ಹೇಳಲಿಲ್ಲ.

ಲಕೋಟೆಗಳನ್ನು ಮೂರು ಲಾಟು ಮಾಡಿದರು. ಹರಾಜಿನ ದಿನ ಚಿಂತಾಮಣಿ ಬಸ್ ನಿಲ್ದಾಣದಲ್ಲಿ ಕೂತು ಫೋನಿನಲ್ಲೇ ನೋಡಿದೆ. ನಮ್ಮೂರ ದೇವಸ್ಥಾನದಲ್ಲಿ ತೆಂಗಿನಕಾಯಿ ಹರಾಜು ಹಾಕುವಾಗ ಇದಕ್ಕಿಂತ ಹೆಚ್ಚು ಗಲಾಟೆ ಇರುತ್ತದೆ. ಮೂರೂ ಲಾಟು ಸೇರಿ 11,400 ರೂಪಾಯಿಗೆ ಹೋದವು. ನೂರಕ್ಕೆ 15ರಂತೆ 1,710 ಕಮಿಷನ್ ಕಳೆದು ಅಮ್ಮನ ಕೈಗೆ ಬಂದದ್ದು 9,690.

ಉಳಿದ ಫೀಸಿಗೆ ಮೊಮ್ಮಗಳನ್ನು ಕರೆದುಕೊಂಡು ಬ್ಯಾಂಕಿಗೆ ನಾನೇ ಓಡಾಡಿದೆ. ಮೊದಲ ಕಂತಿಗೆ ಅಮ್ಮ ಒಂದು ಹಸು ಮಾರಿದರು, ಸಾಲ ಆಮೇಲೆ ಮಂಜೂರಾಯಿತು. ಹುಡುಗಿ ಈಗ ಎರಡನೇ ವರ್ಷದಲ್ಲಿದ್ದಾಳೆ. ಭಾಗ ಕೇಳಿದ್ದ ಅಣ್ಣನ ಮಕ್ಕಳು ಹರಾಜಿನ ಚೀಟಿ ನೋಡಿ ಸುಮ್ಮನಾದರು. ಆದರೆ ಮಾತುಕತೆ ಇನ್ನೂ ಸರಿಹೋಗಿಲ್ಲ.

ಅಮ್ಮ ಎರಡು ಲಕೋಟೆ ಮಾತ್ರ ಮಾರಲಿಲ್ಲ. ಒಂದು, 1960ರ ಸೆಪ್ಟೆಂಬರ್ 15ರದು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಶತಮಾನೋತ್ಸವಕ್ಕೆ ಭಾರತ ಸರ್ಕಾರ ತಂದ ಅಂಚೆಚೀಟಿಯ ಕವರ್. ಬದುಕಿರುವಾಗಲೇ ನಮ್ಮ ದೇಶದ ಅಂಚೆಚೀಟಿಯಲ್ಲಿ ಬಂದವರು ಬಹಳ ಕಡಿಮೆ. 1958ರಲ್ಲಿ ಮಹರ್ಷಿ ಕರ್ವೆ ಬಂದಿದ್ದರು, ಆಮೇಲೆ ನಮ್ಮ ವಿಶ್ವೇಶ್ವರಯ್ಯ. ಮೇಷ್ಟ್ರು ಚಿಕ್ಕಬಳ್ಳಾಪುರದಲ್ಲಿ ಓದುತ್ತಿದ್ದಾಗ ಕೊಂಡದ್ದು. ಅವರ ಹುಚ್ಚು ಶುರುವಾದದ್ದು ಅದರಿಂದಲೇ.

ಇನ್ನೊಂದು, ಗಾಂಧಿ ಕವರ್.

ಆ 216 ಲಕೋಟೆಯನ್ನೂ ಮೊಮ್ಮಗಳು ಮಾರುವ ಮುಂಚೆ ಫೋನಿನಲ್ಲಿ ಫೋಟೊ ತೆಗೆದಿದ್ದಳು. ಮೊನ್ನೆ ಅವಳ ಜೊತೆ ಕೂತು ನೋಡಿದೆ. ವ್ಯಾಪಾರಿಗೆ ಬೇಡವಾಗಿದ್ದ ಆ ವಿಳಾಸಗಳನ್ನು ಓದಿದೆ. 1969ರಲ್ಲಿ 'ಗೌರಿಬಿದನೂರು, ಕೋಲಾರ ಜಿಲ್ಲೆ, ಮೈಸೂರು ರಾಜ್ಯ'. ಮೇಷ್ಟ್ರಿಗೆ ಶಿಡ್ಲಘಟ್ಟಕ್ಕೆ ವರ್ಗವಾದಾಗ ಮೈಸೂರು ಹೋಗಿ 'ಕರ್ನಾಟಕ' ಬಂದಿದೆ, 1972ರಲ್ಲಿ ಶುರುವಾದ ಪಿನ್‌ಕೋಡೂ ಸೇರಿದೆ, 562105. ಆಮೇಲೆ ಚಿಂತಾಮಣಿ, 563125. ಕೊನೆಯದಾಗಿ 2008ರ ಕವರ್. ಅಷ್ಟರಲ್ಲಿ ಕೋಲಾರ ಒಡೆದು ನಮ್ಮ ಜಿಲ್ಲೆ ಆಗಿತ್ತು. ಇಂಗ್ಲೆಂಡಿನ ಆ ಮುದುಕರು ನಡುಗುವ ಕೈಯಲ್ಲಿ 'ಚಿಕ್ಕಬಳ್ಳಾಪುರ ಜಿಲ್ಲೆ' ಅಂತ ಬರೆದಿದ್ದಾರೆ. ನಾನು ಬರೆಯಬೇಕಾಗಿದ್ದ ಸುದ್ದಿ ಅಲ್ಲಿತ್ತು. ನಾನು ಲಕ್ಷ ಹುಡುಕುತ್ತಿದ್ದೆ.

ನಿಮ್ಮ ಮನೆಯಲ್ಲಿ ಇಂಥದ್ದಿದ್ದರೆ ನನ್ನ ಮಾತು ಇಷ್ಟು. ಅಂಚೆಚೀಟಿಯನ್ನು ಲಕೋಟೆಯಿಂದ ಕೀಳಬೇಡಿ. ಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ ಬೇಡವೇ ಬೇಡ. ಒಣಗಿದ ಜಾಗದಲ್ಲಿ ಇಡಿ. ಅಂತರ್ಜಾಲದಲ್ಲಿ ಯಾರೋ ಕೇಳುತ್ತಿರುವ ಬೆಲೆ ನೋಡಬೇಡಿ, ನಿಜವಾಗಿ ಮಾರಾಟವಾದ ಬೆಲೆ ನೋಡಿ. ಇಬ್ಬರು ವ್ಯಾಪಾರಿಗಳನ್ನು ಕೇಳಿ. ಒಳಗೆ ಕಾಗದವಿದ್ದರೆ ಮೊದಲು ಓದಿ.

ಮಕ್ಕಳಿಗೆ ಈ ಹವ್ಯಾಸ ಇದ್ದರೆ ಬಿಡಿಸಬೇಡಿ. ಅಂಚೆ ಇಲಾಖೆಯಲ್ಲಿ ಕನಿಷ್ಠ 200 ರೂಪಾಯಿ ಕಟ್ಟಿ ಫಿಲಾಟೆಲಿ ಖಾತೆ ತೆರೆದರೆ ಹೊಸ ಅಂಚೆಚೀಟಿ ಮನೆಗೇ ಬರುತ್ತದೆ. 2017ರಲ್ಲಿ ಶುರುವಾದ ದೀನದಯಾಳ್ ಸ್ಪರ್ಶ್ ಯೋಜನೆಯಲ್ಲಿ 6ರಿಂದ 9ನೇ ತರಗತಿಯ ಮಕ್ಕಳಿಗೆ, ಪರೀಕ್ಷೆ ಮತ್ತು ಪ್ರಾಜೆಕ್ಟ್ ನೋಡಿ, ವರ್ಷಕ್ಕೆ 6,000 ರೂಪಾಯಿ ವಿದ್ಯಾರ್ಥಿವೇತನ ಇಟ್ಟಿದ್ದಾರೆ. ನಿಮ್ಮ ಅಂಚೆ ಕಚೇರಿಯಲ್ಲಿ ವಿಚಾರಿಸಿ.

ಹರಾಜಿನ ದುಡ್ಡು ಕೊಡಲು ಹೋದ ದಿನ ಅಮ್ಮ ಆ ಲ್ಯಾಮಿನೇಷನ್ ಮಾಡಿಸಿದ ವರದಿಯನ್ನು ಆಲ್ಬಮ್‌ನಿಂದ ತೆಗೆದು ನನ್ನ ಕೈಗಿಟ್ಟರು. "ಇದು ನಿಂದು, ನೀನೇ ಇಟ್ಕೋ" ಅಂದರು. ಆಮೇಲೆ ಎಂದಿನಂತೆ ಕಾಫಿ ಕೊಟ್ಟರು.

ಆ ಪತ್ರಿಕೆಯವರಿಗೆ ತಿದ್ದುಪಡಿ ಹಾಕಿ ಅಂತ ಕೇಳಿದೆ. ಇಷ್ಟು ವರ್ಷದ ಹಿಂದಿನ ಸುದ್ದಿಗೆ ಈಗೇನು ತಿದ್ದುಪಡಿ ಅಂದರು. ಹಾಗಾಗಿ ಇಲ್ಲಿ ಹಾಕುತ್ತಿದ್ದೇನೆ.

ತಿದ್ದುಪಡಿ: 2019ರ ಗಾಂಧಿ ಜಯಂತಿಯಂದು ಚಿಂತಾಮಣಿ ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರ ಸಂಗ್ರಹದ ಬ್ರಿಟಿಷ್ ಲಕೋಟೆಗೆ ಲಕ್ಷಾಂತರ ರೂಪಾಯಿ ಬೆಲೆ ಇದೆ ಎಂದು ನಾನು ಬರೆದಿದ್ದೆ. ಅದು ಸುಳ್ಳು. ಶಿಕ್ಷಕರು ಹಾಗೆ ಹೇಳಿರಲಿಲ್ಲ. ನಾನು ವಿಚಾರಿಸಿರಲಿಲ್ಲ.