ಮೈನಸ್ ಇಪ್ಪತ್ನಾಲ್ಕು

ನಾವು ಅಂದರೆ ಒಂದೇ ಬೆಂಚಿನ ಮೂವರು. ಒಬ್ಬ ಬಳ್ಳಾರಿ ಸಿಟಿಯವನು, ಒಬ್ಬ ಸಿರುಗುಪ್ಪದವನು, ಒಬ್ಬ ಕುರುಗೋಡಿನವನು. ಹೋದ ವರ್ಷ ಐದನೇ ಸೆಮಿಸ್ಟರಿನಲ್ಲಿದ್ದಾಗ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪುಕ್ಕಟೆ ಲೆಕ್ಕ ಹೇಳಿಕೊಡೋಣ ಅಂತ ಹೊರಟ್ವಿ. ಜಾಗ, ಸಿರುಗುಪ್ಪದ ಗೆಳೆಯನ ಮನೆ ಮಾಳಿಗೆ. ಸಮಯ, ಭಾನುವಾರ ಬೆಳಿಗ್ಗೆ, ಒಗ್ಗರಣಿ-ಮಿರ್ಚಿ ತಿಂದು ಕೈ ತೊಳೆದ ಮೇಲೆ.

ಮಾಳಿಗೆ ಮೇಲಿನ ತಗಡಿನ ನೆರಳಲ್ಲಿ ಒತ್ತಿ ಕೂತರೂ ಹತ್ತೇ ಜನ. ಮೊದಲ ದಿನ ಬಂದವರು ಇಪ್ಪತ್ತಾರು. ಯಾರನ್ನು ವಾಪಸ್ ಕಳಿಸೋದು? 20 ಅಂಕದ ಒಂದು ಟೆಸ್ಟ್ ಇಟ್ಟು, ಮೊದಲ ಹತ್ತು ಜನರನ್ನು ತಗೊಳ್ಳೋದು ಅಂತ ತೀರ್ಮಾನಿಸಿದ್ವಿ. ಅದರಲ್ಲಿ ಎರಡು ಅಂಕದ ಒಂದು ಪ್ರಶ್ನೆ: -24 ರ ಎಲ್ಲಾ ಅಪವರ್ತನಗಳನ್ನು ಬರೆಯಿರಿ.

ಉತ್ತರ ಕೈಯಲ್ಲಿ ಬರೆಯೋಕೆ ಸೋಮಾರಿತನ ನೋಡಿ, ಎಂಜಿನಿಯರುಗಳಲ್ಲವೇ, ಸಿ ಪ್ರೋಗ್ರಾಂ ಬರೆದ್ವಿ. ಐ ಒಂದರಿಂದ ಎನ್ ತನಕ, ಶೇಷ ಸೊನ್ನೆ ಬಂದರೆ ಪ್ರಿಂಟ್. ಫಸ್ಟ್ ಸೆಮ್ ಲ್ಯಾಬಿನ ಅದೇ ಹಳೇ ಲೂಪು. -24 ಕೊಟ್ಟರೆ ಸ್ಕ್ರೀನ್ ಖಾಲಿ. 1 ಅನ್ನೋದು -24 ಕ್ಕಿಂತ ಮೊದಲೇ ದೊಡ್ಡದು, ಲೂಪಿನ ಒಳಗೇ ಹೋಗಲಿಲ್ಲ. ವರ್ಗಮೂಲದ ತನಕ ಓಡಿಸಿದರೆ ಸಾಕಲ್ಲ ಅಂತ ಒಬ್ಬ ಅಂದ. ವರ್ಗಮೂಲ ಪ್ರಿಂಟ್ ಮಾಡಿದರೆ ‘ನ್ಯಾನ್’ ಬಂತು, ಅಂದರೆ ಇದು ಸಂಖ್ಯೆಯೇ ಅಲ್ಲ. (ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ಮಹಾವೀರಾಚಾರ್ಯ ಸುಮಾರು ಕ್ರಿ.ಶ. 850 ರಲ್ಲೇ ‘ಗಣಿತಸಾರಸಂಗ್ರಹ’ದಲ್ಲಿ ಬರೆದಿಟ್ಟಿದ್ದಾನೆ. ಅಮೋಘವರ್ಷ ನೃಪತುಂಗನ ಕಾಲದವನು, ನಮ್ಮ ಕಡೆಯವನೇ ಅನ್ನಬಹುದು. ಅವನನ್ನಾದರೂ ಕೇಳಬಹುದಿತ್ತು.) ಕೊನೆಗೆ ಎನ್‌ಗೆ ‘ಎಬಿಎಸ್’ ಹಾಕಿ ಮೈನಸ್ ಚಿಹ್ನೆಯನ್ನೇ ಕಿತ್ತೆಸೆದ್ವಿ. 1, 2, 3, 4, 6, 8, 12, 24 ಅಂತ ಎಂಟು ಸಂಖ್ಯೆ ಬಂದವು. ಅದೇ ನಮ್ಮ ಉತ್ತರ ಆಯ್ತು.

ಒಬ್ಬಳು ಹುಡುಗಿ ಹದಿನಾರು ಬರೆದಿದ್ದಳು. ಈ ಎಂಟು, ಮತ್ತೆ ಇವಕ್ಕೇ ಮೈನಸ್ ಹಚ್ಚಿದ ಇನ್ನೆಂಟು. ನಾವು ಆ ಎಂಟರ ಮೇಲೆ ಕೆಂಪು ಗೆರೆ ಎಳೆದು ಸೊನ್ನೆ ಕೊಟ್ವಿ. ಅವಳಿಗೆ 12 ಬಂತು. ಹತ್ತನೆಯವನಿಗೆ 13. ಪಟ್ಟಿ ಓದಿದ ಮೇಲೆ ಅವಳು ಮೆಟ್ಟಿಲ ಹತ್ರ ನಿಂತು, “ಅಣ್ಣಾ, ಮೈನಸ್ ಮೂರನ್ನ ಯಾಕ ಹೊಡದೀರಿ?” ಅಂತ ಕೇಳಿದಳು. ನಮ್ಮಲ್ಲೊಬ್ಬ, ಯಾರು ಅಂತ ಹೇಳಲ್ಲ, “ಅಪವರ್ತನ ಅಂದ್ರ ಪ್ಲಸ್ಸೇ ಇರ್ತಾವಮ್ಮ” ಅಂದುಬಿಟ್ಟ. ಉಳಿದಿಬ್ಬರೂ ತಲೆ ಆಡಿಸಿದ್ವಿ. ಅವಳು ಇಳಿದು ಹೋದಳು.

ಐದು ವಾರ ಕಳೆದವು. ವರ್ಗಸಮೀಕರಣ ಶುರುವಾಯ್ತು. ಎಕ್ಸ್ ವರ್ಗ ಮೈನಸ್ 5 ಎಕ್ಸ್ ಮೈನಸ್ 24 ಸಮ ಸೊನ್ನೆ. ಮಧ್ಯದ ಪದವನ್ನು ಒಡೀರಿ, ಗುಣಿಸಿದರೆ -24, ಕೂಡಿಸಿದರೆ -5 ಬರಬೇಕು ಅಂದ್ವಿ. ಹತ್ತೂ ಜನ ಸುಮ್ಮನೆ ಕೂತರು. ಒಬ್ಬ 3 ಮತ್ತು 8 ಅಂದ, ಕೂಡಿಸಿ 11 ಅಂದ, ಮುಂದೆ ಹೋಗಲಿಲ್ಲ. “ಎರಡರಲ್ಲಿ ಒಂದು ಮೈನಸ್ ಇರಲಿ ನೋಡು” ಅಂದ್ವಿ. ಅವನು ತನ್ನ ನೋಟ್‌ಬುಕ್ಕಿನ ಮೊದಲ ಪುಟ ತೆಗೆದು ತೋರಿಸಿದ: “ನೀವೇ ಬರೆಸೀರಲ್ಲಣ್ಣ, -24 ಕ್ಕೆ ಇಷ್ಟೇ ಅಪವರ್ತನ ಅಂತ.” ಆವತ್ತು ಸಿರುಗುಪ್ಪದ ಬಿಸಿಲಿಗಿಂತ ಹೆಚ್ಚು ಬೆವೆತಿದ್ದು ನಾವು.

ಆರನೇ ಕ್ಲಾಸಿನಲ್ಲಿ ಅಪವರ್ತನ ಕಲಿಯುವಾಗ ನಾವೆಲ್ಲ ಸ್ವಾಭಾವಿಕ ಸಂಖ್ಯೆಗಳ ಒಳಗೇ ಇರ್ತೀವಿ, ಅಲ್ಲಿ ಎಂಟು ಅನ್ನೋದು ಸರಿ. ಆದರೆ -24 ಅಂತ ಕೇಳಿದ ಕ್ಷಣವೇ ಪೂರ್ಣಾಂಕಗಳ ಲೋಕಕ್ಕೆ ಬಂದ ಹಾಗೆ. ಅಲ್ಲಿ ನಿಯಮ ಇಷ್ಟೇ: ಶೇಷ ಉಳಿಯದಂತೆ ಭಾಗಿಸುವ ಪೂರ್ಣಾಂಕ ಯಾವುದಿದ್ದರೂ ಅಪವರ್ತನವೇ. -24 ನ್ನು -3 ರಿಂದ ಭಾಗಿಸಿದರೆ 8, ಶೇಷ ಸೊನ್ನೆ. ಇನ್ನೇನು ಬೇಕು? ಗುಣಲಬ್ಧ ಋಣ ಆಗಬೇಕಾದರೆ ಜೋಡಿಯಲ್ಲಿ ಒಂದು ಧನ, ಒಂದು ಋಣ ಇರಲೇಬೇಕು. ಹಾಗೆ ಎಂಟು ಜೋಡಿ ಸಿಗುತ್ತವೆ, ಅವುಗಳ ಮೊತ್ತ 23, 10, 5, 2 ಮತ್ತು ಇವೇ ಮೈನಸ್ಸಿನಲ್ಲಿ. ನಮಗೆ ಬೇಕಾದ -5 ಕೊಡೋದು 3 ಮತ್ತು -8. ಉತ್ತರ 8 ಅಥವಾ -3. ಅವಳ ಪೇಪರಿನಲ್ಲಿ ನಾವು ಹೊಡೆದು ಹಾಕಿದ್ದ ಎಂಟು ಸಂಖ್ಯೆಗಳಿಲ್ಲದೆ ಇಡೀ ಪಾಠವೇ ನಿಲ್ಲಲ್ಲ. (+24 ಕ್ಕೂ ಎಂಟೇ ಜೋಡಿ. ಆದರೆ 36 ಕ್ಕೆ ಹತ್ತು, -36 ಕ್ಕೆ ಒಂಬತ್ತು. ಯಾಕೆ ಅಂತ ಬೋರಿಂಗ್ ಕ್ಲಾಸಿನಲ್ಲಿ ಕೂತಾಗ ನೋಡಿ.)

ಆವತ್ತು ಬಳ್ಳಾರಿಗೆ ವಾಪಸ್ ಬರೋ ಮನಸ್ಸಾಗದೆ ಕುರುಗೋಡಿನವನ ಮನೆಗೆ ಹೋದ್ವಿ. ಊಟಕ್ಕೆ ಕೂತಾಗ ಅವರಮ್ಮ ನಮ್ಮ ಮುಖ ನೋಡಿ ಏನಾಯ್ತು ಅಂತ ಕೇಳಿದರು. ಮೆಣಸಿನಕಾಯಿ ಬೆಳೆಯೋ ಮನೆ, ಗೊಬ್ಬರದಂಗಡಿ ಸಾಲ ಗೊತ್ತಿರೋ ಮನೆ. ಹೇಳಿದ್ವಿ. ಅವರು, “ಇದ್ರಾಗೇನೈತಿ? ಎಂಟೆಂಟು ಸಾವ್ರ ಮೂರು ಸಲ ಸಾಲ ತಂದ್ರೂ ಇಪ್ಪತ್ನಾಲ್ಕೇ, ಮೂರ್ಮೂರು ಸಾವ್ರ ಎಂಟು ಸಲ ತಂದ್ರೂ ಇಪ್ಪತ್ನಾಲ್ಕೇ. ಸಾಲದ ಲೆಕ್ಕದಾಗ ಸಾಲಾನ ಬಿಟ್ಟು ಬರದ್ರ ಹೆಂಗ?” ಅಂದರು. 3 × (-8), 8 × (-3). ಋಣ ಅಂದರೇನೇ ಸಾಲ. ಬ್ರಹ್ಮಗುಪ್ತ ಕ್ರಿ.ಶ. 628 ರಲ್ಲಿ ಧನ, ಋಣ ಎಂಬ ಮಾತಿನಲ್ಲೇ ನಿಯಮ ಬರೆದದ್ದು. ನಾವು ಆ ಪದವನ್ನು ಹತ್ತು ವರ್ಷ ಬರೆದಿದ್ದೀವಿ, ಅರ್ಥ ಅನ್ನದ ತಟ್ಟೆ ಮುಂದೆ ಗೊತ್ತಾಯ್ತು.

ಮುಂದಿನ ಭಾನುವಾರ ಅವಳ ಪೇಪರ್ ಹಿಡಿದು ಮನೆ ಹುಡುಕಿಕೊಂಡು ಹೋದ್ವಿ. ಕೆಂಪು ಗೆರೆ ಅಳಿಸೋಕೆ ಆಗಲಿಲ್ಲ. 12 ಹೊಡೆದು 14 ಅಂತ ಬರೆದು ಮೂವರೂ ಸಹಿ ಹಾಕಿದ್ವಿ. ತಪ್ಪು ನಮ್ಮದು, ಈ ವಾರದಿಂದಲೇ ಬಾ, ನೆರಳಿಗೆ ಇನ್ನೊಂದು ತಗಡು ಹಾಕಿಸ್ತೀವಿ ಅಂದ್ವಿ.

ಅವರಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. “ಅಲ್ರಪ್ಪಾ, ನೀವು ತಗೊಳ್ಳಲಿಲ್ಲ ಅಂತ ಬೇರೆ ಕಡೆ ಟ್ಯೂಶನ್ ಹಚ್ಚೀನಿ. ತಿಂಗಳಿಗೆ ಐನೂರು. ಪರೀಕ್ಷೆ ತನಕದ್ದು ಕಟ್ಟೇ ಬಿಟ್ಟೀನಿ” ಅಂದರು. ಬೈದಿದ್ದರೆ ಚೆನ್ನಾಗಿತ್ತು. ನೀರು ಕುಡೀರಿ ಅಂತ ಚೊಂಬು ಕೊಟ್ಟರು.

ಹುಡುಗಿ ಪೇಪರ್ ತಗೊಂಡು ಒಂದೊಂದೇ ಸಂಖ್ಯೆ ಎಣಿಸಿದಳು. ಹದಿನಾರು. ಆಮೇಲೆ ಪೇಪರ್ ತಿರುವಿ, “ಅಣ್ಣಾ, ಹಂಗಾದ್ರ ಈ ಏಳನೇ ಲೆಕ್ಕಾನೂ ಇನ್ನೊಮ್ಮೆ ನೋಡ್ರಿ” ಅಂದಳು.

ಅಲ್ಲೇ ಕಟ್ಟೆ ಮೇಲೆ ಕೂತು ನೋಡಿದ್ವಿ, ಮೂವರೂ, ಕೈಯಲ್ಲೇ. ಅದು ಮಾತ್ರ ಅವಳದೇ ತಪ್ಪಿತ್ತು. ಹೇಳೋಕೆ ಸ್ವಲ್ಪ ಹೊತ್ತು ಹಿಡೀತು.