ಕೊಡಪಾನ ಭಾರ ಆದದ್ದಲ್ಲ

ಈ ಸಲ ಮೇ ತಿಂಗಳಲ್ಲಿ ನಮ್ಮನೆ ಪಂಪು ಕೈಕೊಟ್ಟಿತು ಮಾರಾಯ್ರೆ. ಸರಿ ಮಾಡುವವನು "ನಾಳೆ ಬರ್ತೇನೆ" ಅಂತ ಹೇಳಿ ಹನ್ನೊಂದು ದಿನ ತೆಗೆದ. ಅಷ್ಟು ದಿನವೂ ರಾಟೆಗೆ ಹಗ್ಗ ಹಾಕಿ ನೀರು ಸೇದಿದ್ದೇ. ಉದ್ಯಾವರದ ಮೇ ತಿಂಗಳು ಹೇಗಿರ್ತದೆ ಅಂತ ನಿಮಗೇನು ಹೇಳೂದು? ಹೊಳೆ ಕಡೆಯಿಂದ ಒಂದು ಚೂರು ಗಾಳಿ ಇಲ್ಲ, ಬಾವಿಯಲ್ಲಿ ನೀರು ಪಾತಾಳಕ್ಕೆ.

ಮೊದಲ ದಿನ ಆರು ಕೊಡಪಾನ ಸೇದುವಷ್ಟರಲ್ಲಿ ಎದೆ ಡವಡವ. ಬಾವಿಕಟ್ಟೆ ಮೇಲೆ ಕೂತೆ. ಸೆಕೆ ಅಂದ್ಕೊಂಡೆ. ಮರುದಿನ ವಯಸ್ಸು ಅಂದ್ಕೊಂಡೆ, 46 ಆಯ್ತಲ್ಲ. ಮೂರನೇ ದಿನ ಪಂಪು ಬಂದ ಮೇಲೆ ಅಭ್ಯಾಸ ತಪ್ಪಿದೆ ಅಂದ್ಕೊಂಡೆ. ಕಾರಣ ಹುಡುಕೂದರಲ್ಲಿ ನಾವು ಹೆಂಗಸರು ಹುಷಾರು. ಡಾಕ್ಟರ ಹತ್ರ ಹೋಗೂದೊಂದು ಬಿಟ್ಟು ಬೇರೆ ಎಲ್ಲ ಹೊಳೀತದೆ.

ಕಂಡುಹಿಡಿದದ್ದು ಅತ್ತೆ. ಅವರಿಗೆ 78, ಕಣ್ಣು ಅಷ್ಟಕ್ಕಷ್ಟೇ. ಚಾವಡಿಯಲ್ಲಿ ಕೂತು ಬಸಳೆ ಸೊಪ್ಪು ಬಿಡಿಸ್ತಾ ಇದ್ದವರು, "ನೀನೆಂತ ನೀರು ಸೇದುವಾಗ ಮಾತಾಡೂದೇ ಇಲ್ಲ? ನಾಲ್ಕು ದಿನದಿಂದ ನೋಡ್ತಾ ಇದ್ದೇನೆ" ಅಂದ್ರು. ನಾನು ಸುಮ್ಮನಿರುವ ಜನ ಅಲ್ಲ ಅಂತ ನಿಮಗೆ ಗೊತ್ತುಂಟಲ್ಲ. ಉತ್ತರ ಕೊಡುವ ಅಂತ ಬಾಯಿ ತೆಗೆದೆ. ಅರ್ಧ ವಾಕ್ಯಕ್ಕೇ ಉಸಿರು ಮುಗಿದಿತ್ತು.

ಡಾಕ್ಟರಮ್ಮನಿಗೆ ಇದನ್ನು ಹೇಳಿದಾಗ ನಗಾಡಿದ್ರು. "ನಿಮ್ಮತ್ತೆ ಮಾಡಿದ್ದು ನಾವು ಮಾಡುವ ಪರೀಕ್ಷೆಯೇ. ಕೆಲಸ ಮಾಡ್ತಾ ಪೂರ್ತಿ ವಾಕ್ಯ ಮಾತಾಡ್ಲಿಕ್ಕೆ ಆದ್ರೆ ಶ್ರಮ ಮಧ್ಯಮ, ಎರಡು ಶಬ್ದಕ್ಕೇ ಉಸಿರು ಬೇಕಾದ್ರೆ ಜೋರು" ಅಂದ್ರು. ಆಮೇಲೆ ಇನ್ನೊಂದು ಕೇಳಿದ್ರು: "6ರಿಂದ 20ರ ಒಳಗೆ ಎಷ್ಟು ಕಷ್ಟ ಆಗ್ತದೆ? 6 ಅಂದ್ರೆ ಸುಮ್ಮನೆ ಕೂತ ಹಾಗೆ, 13 ಅಂದ್ರೆ ಸ್ವಲ್ಪ ಕಷ್ಟ, 20 ಅಂದ್ರೆ ಇನ್ನಾಗೂದಿಲ್ಲ." ಇದೆಂತ 6ರಿಂದ ಲೆಕ್ಕ, ಒಂದರಿಂದ ಯಾಕಲ್ಲ ಅಂತ ಕೇಳಿದೆ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಅನ್ನುವ ಮನಶ್ಶಾಸ್ತ್ರಜ್ಞ ಮಾಡಿದ ಅಳತೆಯಂತೆ. ನಾವು ಹೇಳಿದ ಅಂಕೆಯನ್ನು ಹತ್ತರಿಂದ ಗುಣಿಸಿದ್ರೆ ಆರೋಗ್ಯವಂತರ ನಾಡಿಬಡಿತದ ಹತ್ತಿರ ಬರ್ತದೆ, 13ಕ್ಕೆ ಸುಮಾರು 130. ಅಂದ್ರೆ "ನನಗೆ ಹೀಗನ್ನಿಸ್ತದೆ" ಅನ್ನೂದು ಬರೀ ಭ್ರಮೆ ಅಲ್ಲ, ಅದಕ್ಕೂ ಒಂದು ಲೆಕ್ಕ ಉಂಟು!

ನಾನು 17 ಅಂದೆ. ಅವರು ರಕ್ತ ಪರೀಕ್ಷೆಗೆ ಬರೆದ್ರು. ಹಿಮೋಗ್ಲೋಬಿನ್ 7.6. ಹೆಂಗಸರಿಗೆ ಕಮ್ಮಿ ಅಂದ್ರೂ 12 ಬೇಕು.

ಅವರು ಹೇಳಿದ್ದನ್ನು ನಮ್ಮ ಭಾಷೆಯಲ್ಲಿ ಹೇಳ್ತೇನೆ. ಹಿಮೋಗ್ಲೋಬಿನ್ ಅಂದ್ರೆ ರಕ್ತದಲ್ಲಿ ಆಮ್ಲಜನಕ ಹೊರುವ ಕೊಡಪಾನ. ಕೊಡಪಾನ ಸಣ್ಣದಾದ್ರೆ ಹಂಡೆ ತುಂಬ್ಲಿಕ್ಕೆ ಹೆಚ್ಚು ಸಲ ಸೇದಬೇಕು. ಹೃದಯ ಮಾಡ್ತಾ ಇದ್ದದ್ದು ಅದೇ. ಅದರ ಮೇಲೆ ನಮ್ಮ ಸೆಕೆ. ಮೈ ತಣಿಸ್ಲಿಕ್ಕೆ ಚರ್ಮದ ಕಡೆಗೂ ರಕ್ತ ಕಳಿಸಬೇಕು, ಗಾಳಿಯಲ್ಲಿ ನೀರಿನ ಪಸೆ ತುಂಬಿರುವಾಗ ಬೆವರು ಆರೂದೂ ಇಲ್ಲ, ಸುಮ್ಮನೆ ಇಳೀತದೆ. ರಾಟೆ ಉಂಟಲ್ಲ ಅಂತೀರಾ? ಬಾವಿಯ ರಾಟೆ ಭಾರ ಕಮ್ಮಿ ಮಾಡೂದಿಲ್ಲ, ಎಳೆಯುವ ದಿಕ್ಕು ಮಾತ್ರ ಬದಲಿಸ್ತದೆ. ಹತ್ತು ಲೀಟರಿನ ಕೊಡಪಾನ ಇಪ್ಪತ್ತು ಸಲ ಸೇದಿದ್ರೆ ಇನ್ನೂರು ಕಿಲೋ ಎತ್ತಿದ ಹಾಗೆ. ಇದನ್ನು ನಾವು "ಮನೆಯಲ್ಲೇ ಇದ್ದೇನೆ, ಎಂತ ಕೆಲಸ ಇಲ್ಲ" ಅಂತೇವೆ.

ರಕ್ತ ಹೋದದ್ದು ಎಲ್ಲಿಗೆ? ಎರಡು ವರ್ಷದಿಂದ ಮುಟ್ಟಿನಲ್ಲಿ ಸಿಕ್ಕಾಪಟ್ಟೆ ಹೋಗ್ತಾ ಇತ್ತು. ಈ ಪ್ರಾಯದಲ್ಲಿ ಹಾಗೇ ಅಂತ ಯಾರ ಹತ್ರವೂ ಹೇಳಲಿಲ್ಲ, ಗಂಡನ ಹತ್ರವೂ. ಸ್ಕ್ಯಾನಿಂಗಿನಲ್ಲಿ ಗರ್ಭಕೋಶದಲ್ಲಿ ಸಣ್ಣ ಗಡ್ಡೆ ಕಂಡಿತು. ಕ್ಯಾನ್ಸರ್ ಅಲ್ಲ ಅಂದ್ರು. ಆ ಮಾತು ಕೇಳುವವರೆಗಿನ ಮೂರು ದಿನ ಮಾತ್ರ ನಾನು ನಿದ್ದೆ ಮಾಡಲಿಲ್ಲ. ರಕ್ತ ನಿಧಾನಕ್ಕೆ ಕಮ್ಮಿ ಆಗ್ತಾ ಹೋದ್ರೆ ಮೈ ಅದಕ್ಕೇ ಹೊಂದಿಕೊಳ್ತದಂತೆ. ಮೆಟ್ಟಿಲು ಹತ್ತೂದು ಬಿಟ್ಟೆ, ಬಲಾಯಿಪಾದೆಗೆ ನಡೀತಾ ಇದ್ದವಳು ರಿಕ್ಷಾ ಹಿಡಿದೆ, ಹಿಟ್ಟು ಹೊರಗಿಂದ ತರಿಸಿದೆ. ಕೆಲಸ ಕಮ್ಮಿ ಮಾಡ್ತಾ ಬಂದದ್ದು ನನಗೇ ಗೊತ್ತಾಗಲಿಲ್ಲ. ಪಂಪು ಹಾಳಾಗದಿದ್ರೆ ಇನ್ನೆಷ್ಟು ದಿನ ಹೋಗ್ತಿತ್ತೋ.

ರಕ್ತಸ್ರಾವಕ್ಕೆ ಮದ್ದು, ಜೊತೆಗೆ ಕಬ್ಬಿಣದ ಮಾತ್ರೆ. ನಾದಿನಿ ಬೀಟ್‌ರೂಟ್ ತಂದು ಕೊಟ್ಟಳು. ಬಣ್ಣ ಕೆಂಪು ಅಂತ ರಕ್ತ ಆಗೂದಿಲ್ಲ ಮಾರಾಯ್ತಿ ಅಂದೆ, ಆದ್ರೂ ಪಲ್ಯ ಮಾಡಿ ತಿಂದೆವು. ಮಾತ್ರೆಯ ಹಿಂದೆಮುಂದೆ ಚಾ, ಕಾಪಿ ಕುಡೀಬಾರದು, ಕಬ್ಬಿಣ ಮೈಗೆ ಹಿಡಿಯೂದಿಲ್ಲ. ಲಿಂಬೆ ಶರಬತ್ತು ಒಳ್ಳೇದು. ಮಲ ಕಪ್ಪಾದ್ರೆ ಹೆದರ್ಬೇಡಿ, ಅದು ಮಾತ್ರೆಯದ್ದು.

ಆಟಿಯಲ್ಲಿ ಒಂದು ದಿನ ಬೇಕಂತಲೇ ನೀರು ಸೇದಿದೆ. ಹಗುರ ಅನ್ನಿಸಿತು. ಆದ್ರೆ ಆಗ ಬಾವಿ ತುಂಬಿ ನೀರು ಕೈಗೆ ಸಿಗುವ ಹಾಗಿತ್ತು, ಆ ಲೆಕ್ಕ ನ್ಯಾಯ ಅಲ್ಲ. ಹಾಗಾಗಿ ಒದ್ದೆಬಟ್ಟೆ ಬುಟ್ಟಿ ಹಿಡಿದು ಟೆರೇಸಿಗೆ ಹತ್ತಿದೆ, ಹದಿನೇಳು ಮೆಟ್ಟಿಲು. ಮೇ ತಿಂಗಳಲ್ಲಿ ನಡುವೆ ಎರಡು ಸಲ ನಿಂತಿದ್ದೆ. ಈ ಸಲ ನಿಲ್ಲಲಿಲ್ಲ. ನನ್ನ ಲೆಕ್ಕದಲ್ಲಿ 12. ಮತ್ತಿನ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 11.2.

ಅದಕ್ಕೇ ಹೇಳೂದು. ಬಚ್ಚೂದು ಎಲ್ಲರಿಗೂ ಉಂಟು. ಹೊಸ ಕೆಲಸ ಮಾಡಿ ಬಚ್ಚಿದ್ರೆ ಮಲಗಿ ಎದ್ರೆ ಹೋಗ್ತದೆ. ದಿನಾ ಮಾಡುವ ಕೆಲಸವೇ ಭಾರ ಆಗ್ತಾ ಬಂದ್ರೆ ಸುಮ್ಮನೆ ಕೂರ್ಬೇಡಿ. ಎದೆಯಲ್ಲಿ ಒತ್ತಿದ ಹಾಗೆ, ಕೈಗೋ ದವಡೆಗೋ ನೋವು ಅಂತ ಆದ್ರೆ ಆ ಗಳಿಗೆಯೇ ಹೋಗ್ಬೇಕು, ಅಡಿಗೆ ಆಗಲಿ ಅಂತ ಕಾಯೂದಲ್ಲ.

ಅಷ್ಟಮಿಗೆ ಚಕ್ಕುಲಿ ಒತ್ತಿದೆ, ಮೂರು ಸೇರು ಹಿಟ್ಟು, ಆಚೆಮನೆಯವರ ಹತ್ರ ಬಾಯಿ ಬಿಡದೆ ಮಾತಾಡ್ತಾ. ಅತ್ತೆ ಒಳಗಿಂದ, "ಸಾಕು ಮಾರಾಯ್ತಿ, ನಿನಗೆ ಗುಣ ಆಯ್ತು ಅಂತ ಗೊತ್ತಾಯ್ತು. ಎಣ್ಣೆ ನೋಡು" ಅಂದ್ರು.