ಒಂದೇ ದಿನ ಕಂಡ ಜಾಗಕ್ಕೆ ಇಷ್ಟೊಂದು ಮನಸ್ಸು ಏಕೆ?

ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನನ್ನ ಬೋಧನಾಭ್ಯಾಸ ನಡೆಯಿತು. 9ನೇ ತರಗತಿಯ 'ಕೆಲಸ ಮತ್ತು ಶಕ್ತಿ' ಘಟಕ ನನ್ನ ಪಾಲಿಗೆ ಬಂದಿತ್ತು. ಪಾಠ ಯೋಜನೆ ಬರೆಯುವ ಮುನ್ನ ಮಕ್ಕಳ ಪೂರ್ವಜ್ಞಾನ ತಿಳಿಯಬೇಕೆಂದು, ತರಗತಿ ಶಿಕ್ಷಕಿಯವರ ಒಪ್ಪಿಗೆ ಪಡೆದು ಒಂದು ಸಣ್ಣ ಕೆಲಸ ಕೊಟ್ಟೆ. 'ನೀವು ಎತ್ತರದಿಂದ ವೇಗವಾಗಿ ಇಳಿದ, ಮರೆಯಲಾಗದ ಒಂದು ಅನುಭವವನ್ನು ಅರ್ಧ ಪುಟ ಬರೆಯಿರಿ' ಎಂಬುದಷ್ಟೇ ಸೂಚನೆ.

ಮಾರನೆಯ ದಿನ 41 ಪುಟಗಳು ಬಂದವು. ನಾಲೆ ಏರಿಯ ಮೇಲಿಂದ ಸೈಕಲ್ ಬಿಟ್ಟವರು ಕೆಲವರು, ಜಾತ್ರೆಯ ತೊಟ್ಟಿಲು ಹತ್ತಿದವರು ಕೆಲವರು, ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ 'ಕೊಲಂಬಸ್' ದೋಣಿ ಏರಿದವರು ಇನ್ನು ಕೆಲವರು. ಆದರೆ 23 ಪುಟಗಳು ಒಂದೇ ಜಾಗದ ಬಗ್ಗೆ ಇದ್ದವು. ಅದು ಬಿಡದಿ ಬಳಿಯ ವಂಡರ್‌ಲಾ. ಹಿಂದಿನ ವರ್ಷ ಶಾಲೆಯಿಂದ ಒಂದು ದಿನದ ಪ್ರವಾಸ ಹೋಗಿದ್ದರಂತೆ. ವರ್ಷ ಕಳೆದಿದ್ದರೂ ಬರಹದಲ್ಲಿ ಬಿಸಿ ಆರಿರಲಿಲ್ಲ. ಒಬ್ಬ ಹುಡುಗ 'ಅದು ನಮ್ಮ ಜಾಗ' ಎಂದೇ ಬರೆದಿದ್ದ. ಬೆಳಿಗ್ಗೆ ಹೋಗಿ ಸಂಜೆ ಬಂದ, ಟಿಕೆಟ್ ಕೊಂಡು ಒಳಹೊಕ್ಕ ಜಾಗ 'ನಮ್ಮದು' ಆಗುವುದು ಹೇಗೆ? ವಿಜ್ಞಾನದ ಪ್ರಶಿಕ್ಷಣಾರ್ಥಿಯಾದ ನನಗೆ ಘಟಕಕ್ಕಿಂತ ಈ ಪ್ರಶ್ನೆಯೇ ಹೆಚ್ಚು ಕಾಡತೊಡಗಿತು.

ಪುಟಗಳನ್ನು ಮತ್ತೆ ಓದಿದೆ. ಆಟಗಳ ವರ್ಣನೆ ಹೆಚ್ಚೇನೂ ಇರಲಿಲ್ಲ. 'ಸಖತ್ತಾಗಿತ್ತು', 'ಜೀವ ಬಾಯಿಗೆ ಬಂತು' ಎಂಬಲ್ಲಿಗೆ ಅದು ಮುಗಿಯುತ್ತಿತ್ತು. ತುಂಬಿ ತುಳುಕುತ್ತಿದ್ದುದು ಜೊತೆಗಿದ್ದವರ ಸುದ್ದಿ. ಯಾರು ಅತ್ತರು, ಯಾರ ಚಪ್ಪಲಿ ಕಳೆಯಿತು, ತರಗತಿಯಲ್ಲಿ ಗದರುವ ಮೇಷ್ಟ್ರು ರೈನ್ ಡಿಸ್ಕೋದಲ್ಲಿ ಹೇಗೆ ಕುಣಿದರು, ಸಾಲಿನಲ್ಲಿ ನಿಂತಾಗ ಚಿತ್ರಾನ್ನ ಯಾರು ಹಂಚಿದರು. ಒಬ್ಬಳು ಬರೆದಿದ್ದಳು: 'ನಾನು ಹೆದರಿ ವಾಪಸ್ ಬರ್ತಿದ್ದೆ. ಮೂರು ಜನ ಕೈ ಹಿಡ್ಕೊಂಡ್ರು. ಆಮೇಲೆ ಎರಡು ಸಲ ಹೋದೆ.'

ಈ ಸಾಲು ಓದಿದಾಗ ನನ್ನದೇ ನೆನಪು ಎದ್ದು ಬಂತು. ಆ ಪಾರ್ಕು ಆರಂಭವಾದದ್ದು 2005ರಲ್ಲಿ. ನಾನು ಅಲ್ಲಿಗೆ ಹೋದದ್ದು 8ನೇ ತರಗತಿಯಲ್ಲಿ. ಪ್ರವಾಸದ ದುಡ್ಡಿಗಾಗಿ ಅಮ್ಮ ಹಾಲಿನ ಡೈರಿಯ ಬಟವಾಡೆಯನ್ನು ಹಾಗೇ ಎತ್ತಿಟ್ಟಿದ್ದಳು. ಅಲೆಗಳ ಕೊಳದಲ್ಲಿ ಮೊದಲ ಅಲೆ ಎದೆಗೆ ಬಡಿದಾಗ ನಾನು ಪಕ್ಕದಲ್ಲಿದ್ದವಳ ಕೈಯನ್ನು ಗಟ್ಟಿಯಾಗಿ ಹಿಡಿದೆ. ನೋಡಿದರೆ ಒಂದು ತಿಂಗಳಿಂದ ನಾನು ಮಾತು ಬಿಟ್ಟಿದ್ದ ಗೆಳತಿ ಅವಳು! ಇಬ್ಬರೂ ನಕ್ಕೆವು. ಜಗಳ ಯಾವ ಕಾರಣಕ್ಕೆ ಎಂಬುದು ಇಂದು ಇಬ್ಬರಿಗೂ ನೆನಪಿಲ್ಲ. ಈಗ ಅವಳು ಮದುವೆಯಾಗಿ ನಂಜನಗೂಡಿನಲ್ಲಿದ್ದಾಳೆ. ಬೆಂಗಳೂರಿಗೆ ಹೋಗುವ ರೈಲು ಬಿಡದಿಯಲ್ಲಿ ನಿಂತಾಗಲೆಲ್ಲ ನಾನು ಅವಳಿಗೊಂದು ಮೆಸೇಜ್ ಹಾಕುತ್ತೇನೆ. ಆ ಪಾರ್ಕಿಗೆ ನಾನು ಮತ್ತೆ ಹೋಗಿಲ್ಲ. ಆದರೂ ಅದರ ಹೆಸರು ಕೇಳಿದರೆ ಮನಸ್ಸು ತೇವವಾಗುತ್ತದೆ.

ಇದಕ್ಕೆ ಮನೋವಿಜ್ಞಾನದಲ್ಲಿ ಒಂದು ವಿವರಣೆ ಸಿಗುತ್ತದೆ. 1974ರಲ್ಲಿ ಡಟನ್ ಮತ್ತು ಆರನ್ ಎಂಬ ಸಂಶೋಧಕರು ಕೆನಡಾದ ಕ್ಯಾಪಿಲಾನೊ ತೂಗುಸೇತುವೆಯ ಮೇಲೆ ಒಂದು ಪ್ರಯೋಗ ಮಾಡಿದರು. ಓಲಾಡುವ ಎತ್ತರದ ಸೇತುವೆ ದಾಟಿದ ಪುರುಷರು, ಗಟ್ಟಿ ಸೇತುವೆ ದಾಟಿದವರಿಗಿಂತ ಹೆಚ್ಚಾಗಿ, ಅಲ್ಲಿ ತಮ್ಮನ್ನು ಮಾತನಾಡಿಸಿದ ಯುವತಿಗೆ ಆಮೇಲೆ ಫೋನ್ ಮಾಡಿದರು. ಭಯದಿಂದ ಎದೆ ಬಡಿದುಕೊಳ್ಳುವಾಗ ಮನಸ್ಸು ಆ ಬಡಿತವನ್ನು ಎದುರಿಗಿರುವ ವ್ಯಕ್ತಿಗೆ ಜೋಡಿಸಿಬಿಡುತ್ತದೆ ಎಂಬುದು ಅವರ ವಿವರಣೆ. ರೋಲರ್ ಕೋಸ್ಟರಿನಲ್ಲಿ ಎದೆ ಬಡಿಯುವಾಗ ಪಕ್ಕದಲ್ಲಿರುವುದು ಗೆಳೆಯ, ತಂಗಿ, ಅಪ್ಪ. ಕೆಳಗಿಳಿದ ಮೇಲೆ ಭಯ ಕರಗುತ್ತದೆ, ಜೊತೆಗಿದ್ದವರು ಉಳಿಯುತ್ತಾರೆ. ಸೀಟಿನ ಕಂಬಿ ಭದ್ರವಾಗಿದೆ, ಯಾರೋ ಅದನ್ನು ಪರೀಕ್ಷಿಸಿದ್ದಾರೆ ಎಂಬ ನಂಬಿಕೆಯೂ ಇರಬೇಕು. ಆ ನಂಬಿಕೆ ಇಲ್ಲದ ಕಡೆ ಭಯ ಬರೀ ಭಯವಾಗಿಯೇ ಉಳಿಯುತ್ತದೆ.

ಇಂಥ ಪಾರ್ಕುಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆಯಿತು. ಲಾಸ್ ಏಂಜಲೀಸಿನ ಒಂದು ಉದ್ಯಾನದಲ್ಲಿ ತನ್ನ ಹೆಣ್ಣುಮಕ್ಕಳು ತಿರುಗುವ ಕುದುರೆಗಳ ಮೇಲೆ ಕೂತಿದ್ದಾಗ, ತಾನು ಬೆಂಚಿನ ಮೇಲೆ ಸುಮ್ಮನೆ ಕೂತು ನೋಡಬೇಕಾಗಿತ್ತು, ದೊಡ್ಡವರೂ ಮಕ್ಕಳೂ ಒಟ್ಟಿಗೆ ಆಡುವ ಜಾಗ ಬೇಕೆಂದು ಹೊಳೆದದ್ದು ಆಗಲೇ ಎಂದು ವಾಲ್ಟ್ ಡಿಸ್ನಿ ಹೇಳುತ್ತಿದ್ದರು. ಅಂದರೆ ಮೊದಲು ಹೊಳೆದದ್ದು ಯಂತ್ರವಲ್ಲ, ಜೊತೆ.

ಇನ್ನೊಂದು ಸಂಗತಿ ನನಗೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಫ್ಲೋರಿಡಾದ ಡಿಸ್ನಿ ಪಾರ್ಕಿನಲ್ಲಿ 1971ರಿಂದ 'ಮಿಸ್ಟರ್ ಟೋಡ್ಸ್ ವೈಲ್ಡ್ ರೈಡ್' ಎಂಬ ಆಟವಿತ್ತು. ಕತ್ತಲಲ್ಲಿ ಪುಟ್ಟ ಗಾಡಿ ಬಣ್ಣ ಬಳಿದ ಹಲಗೆಗಳ ನಡುವೆ ಸುತ್ತಿ ಬರುವುದು, ಅಷ್ಟೇ. ಅದನ್ನು ಮುಚ್ಚುತ್ತಾರೆಂಬ ಸುದ್ದಿ ಹರಡಿದಾಗ ಅಭಿಮಾನಿಗಳು ಹಸಿರು ಟೀ ಶರ್ಟ್ ತೊಟ್ಟು ಪಾರ್ಕಿನೊಳಗೇ ಸೇರಿ ಪ್ರತಿಭಟಿಸಿದರು. ಆದರೂ 1998ರ ಸೆಪ್ಟೆಂಬರಿನಲ್ಲಿ ಅದು ಮುಚ್ಚಿತು. ಅದಕ್ಕಿಂತ ದೊಡ್ಡ ಆಟಗಳು ಅಲ್ಲೇ ಬೇಕಾದಷ್ಟಿದ್ದವು. ಮತ್ತೇಕೆ ಆ ದುಃಖ? ಅಪ್ಪನ ತೊಡೆಯ ಮೇಲೆ ಕೂತು ಮೊದಲು ಹೋದ ಗಾಡಿಯಲ್ಲೇ ತನ್ನ ಮಗುವನ್ನೂ ಕೂರಿಸಬೇಕು ಎಂದುಕೊಂಡವರಿಗೆ ಹೊಸ ಆಟ ಎಷ್ಟು ಚೆನ್ನಾಗಿದ್ದರೂ ಹಳೆಯದರ ಬದಲಿಯಾಗದು. ನಮ್ಮೂರಲ್ಲಿ ಹಳೆಯ ಶಾಲಾ ಕಟ್ಟಡ ಕೆಡವಿದ ದಿನ ಊರ ಹಿರಿಯರು ಬಂದು ನಿಂತದ್ದೂ ಇದೇ ಕಾರಣಕ್ಕಿರಬೇಕು. ಮನಸ್ಸು ತನ್ನ ನೆನಪನ್ನು ಒಂದು ಜಾಗದಲ್ಲಿ ಇಟ್ಟು ಬಂದಿರುತ್ತದೆ, ಆ ಜಾಗ ಹಾಗೇ ಇರಲಿ ಎಂದು ಬಯಸುತ್ತದೆ.

ಇಷ್ಟನ್ನು ಯೋಚಿಸಿಕೊಂಡಿದ್ದ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಪುಟ. 'ರಿಕಾಯ್ಲ್' ಎಂಬ ಆಟದ ಬಗ್ಗೆ ಒಬ್ಬ ಹುಡುಗಿ ಬರೆದಿದ್ದಳು. ಗಾಡಿಯನ್ನು ಮೊದಲು ಹಿಂದಕ್ಕೆ ಎತ್ತರಕ್ಕೆ ಎಳೆಯುತ್ತಾರೆ, ಆಮೇಲೆ ಬಿಡುತ್ತಾರೆ, ಅದು ತಲೆಕೆಳಗಾಗಿ ಸುತ್ತಿ ಎದುರಿನ ಏರು ಹತ್ತುತ್ತದೆ, ಅಲ್ಲಿ ಚೈನು ಹಿಡಿದು ಇನ್ನೂ ಮೇಲಕ್ಕೆ ಎಳೆಯುತ್ತದೆ, ಬಿಟ್ಟಾಗ ಅದೇ ದಾರಿಯಲ್ಲಿ ಹಿಮ್ಮುಖವಾಗಿ ಬರುತ್ತದೆ. ಒಂದು ಹಂತವೂ ತಪ್ಪಿರಲಿಲ್ಲ. ಉಳಿದ 22 ಪುಟಗಳಲ್ಲಿ ಇಷ್ಟು ಕರಾರುವಾಕ್ಕಾದ ವಿವರ ಎಲ್ಲೂ ಇರಲಿಲ್ಲ. ಕೊನೆಯ ಸಾಲು ಹೀಗಿತ್ತು: 'ನಾನು ಹೋಗಿಲ್ಲ. ಅಣ್ಣ ಹೇಳಿದ್ದು.'

ತರಗತಿ ಶಿಕ್ಷಕಿಯವರನ್ನು ವಿಚಾರಿಸಿದಾಗ ತಿಳಿಯಿತು, ಪ್ರವಾಸಕ್ಕೆ ದುಡ್ಡು ಕಟ್ಟಲು ಅವರ ಮನೆಯಲ್ಲಿ ಆಗಿರಲಿಲ್ಲ. ಅಣ್ಣ ಬೆಂಗಳೂರಿನಲ್ಲಿ ವೆಲ್ಡಿಂಗ್ ಕೆಲಸಕ್ಕಿದ್ದಾನೆ, ಊರಿಗೆ ಬರುವುದು ಹಬ್ಬಕ್ಕೆ. ಕೆಲಸದ ಜೊತೆಗಾರರೊಂದಿಗೆ ಒಮ್ಮೆ ಆ ಪಾರ್ಕಿಗೆ ಹೋಗಿದ್ದನಂತೆ. ಹೋದವರು ಕಣ್ಣು ಮುಚ್ಚಿ ಕಿರುಚಿದ್ದರು. ಹೋಗದ ಇವಳು ಅಣ್ಣನನ್ನು ಕೇಳಿ ಕೇಳಿ ಆ ಆಟವನ್ನು ತಲೆಯಲ್ಲಿ ಕಟ್ಟಿಕೊಂಡಿದ್ದಳು. ಅವಳ ಒಲವು ಪಾರ್ಕಿನ ಮೇಲಿನದೋ, ದೂರದಲ್ಲಿರುವ ಅಣ್ಣನ ಮೇಲಿನದೋ ಬೇರ್ಪಡಿಸಿ ಹೇಳುವುದು ನನಗೆ ಸಾಧ್ಯವಿಲ್ಲ.

ಈ ಪುಟದ ಮುಂದೆ ನನ್ನ ಪಾಠ ಯೋಜನೆಯ ಪ್ರಶ್ನೆ ಗಟ್ಟಿಯಾಯಿತು. ರೋಲರ್ ಕೋಸ್ಟರ್ ಹೇಳಿಮಾಡಿಸಿದ ಉದಾಹರಣೆ. 20 ಮೀಟರ್ ಎತ್ತರದಿಂದ ಬಿಟ್ಟ ಗಾಡಿಯ ಪ್ರಚ್ಛನ್ನ ಶಕ್ತಿಯೆಲ್ಲ ಚಲನಶಕ್ತಿಯಾದರೆ, ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದಾಗ, ಕೆಳಗೆ ವೇಗ ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿ.ಮೀ. ಲೆಕ್ಕದಲ್ಲಿ ರಾಶಿ ಹಾರಿಹೋಗುವುದರಿಂದ ದಪ್ಪಗಿರುವವರಿಗೂ ಸಣಕಲರಿಗೂ ಒಂದೇ ವೇಗ. ಆದರೆ ಪಾರ್ಕು ನೋಡದ ಮಕ್ಕಳು ಆ 45 ನಿಮಿಷ ಇತರರ ಸಂತೋಷಕ್ಕೆ ಬರೀ ಪ್ರೇಕ್ಷಕರಾಗಬಾರದು. ಹಾಗೆಂದು ಉದಾಹರಣೆಯನ್ನೇ ಕೈಬಿಟ್ಟರೆ ಇಷ್ಟೊಂದು ಮಕ್ಕಳ ಉತ್ಸಾಹವನ್ನು ಬಾಗಿಲ ಹೊರಗೆ ನಿಲ್ಲಿಸಿದಂತೆ.

ನಾನು ಮಾಡಿದ್ದಿಷ್ಟು. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪನ್ನು ಆರು ತುಂಡು ಮಾಡಿಸಿದೆ. ಸೈಕಲ್ ಶಾಪಿನಿಂದ ಬೇರಿಂಗ್ ಗುಂಡುಗಳನ್ನು ತಂದೆ. ಆರು ಗುಂಪುಗಳು ಪೈಪನ್ನು ಬಗ್ಗಿಸಿ ಹಿಡಿದು, ಒಂದು ಕಡೆ 60 ಸೆಂ.ಮೀ. ಎತ್ತರದಿಂದ ಗುಂಡು ಬಿಟ್ಟು, ಇನ್ನೊಂದು ಕಡೆ ಎಷ್ಟು ಏರಿತೆಂದು ಸ್ಕೇಲಿನಲ್ಲಿ ಅಳೆಯಬೇಕು. ಯಾವ ಗುಂಪಿನಲ್ಲೂ ಗುಂಡು 60 ಮುಟ್ಟಲಿಲ್ಲ. ಆಮೇಲೆ ಆ ಹುಡುಗಿಯ ಪುಟದಲ್ಲಿದ್ದಂತೆ ಕಪ್ಪುಹಲಗೆಯ ಮೇಲೆ ಆಟದ ಚಿತ್ರ ಬರೆದೆ. ಅದಕ್ಕೆ ಮೊದಲೇ ಅವಳನ್ನು ಕೇಳಿದ್ದೆ. 'ಬರೀರಿ ಮಿಸ್, ನನ್ನ ಹೆಸರು ಹೇಳ್ಬೇಡಿ' ಎಂದಿದ್ದಳು.

ಚಿತ್ರ ನೋಡುತ್ತಿದ್ದ ಒಬ್ಬ ಹುಡುಗ ಎದ್ದು ಕೇಳಿದ: 'ಮಿಸ್, ಶಕ್ತಿ ನಾಶ ಆಗಲ್ಲ ಅಂದ್ರಿ. ಮತ್ತೆ ಎದುರುಗಡೆ ಚೈನು ಯಾಕೆ ಎಳೀಬೇಕು?' ನಾನು ಬಾಯಿ ತೆರೆಯುವ ಮುನ್ನ ಮೂರನೇ ಬೆಂಚಿನಿಂದ ಉತ್ತರ ಬಂತು: 'ಗಾಳಿಗೆ, ಕಂಬಿಗೆ ಉಜ್ಜಿ ಸ್ವಲ್ಪ ಶಾಖ ಆಗಿ ಹೋಗಿರುತ್ತಲ್ಲ. ನಮ್ಮ ಗುಂಡೂ ಅಷ್ಟೆತ್ತರ ಬರಲಿಲ್ವಲ್ಲ.' ಅವಳೇ. 'ನೀನು ಬಂದೇ ಇರ್ಲಿಲ್ವಲ್ಲೇ' ಎಂದ ಹಿಂದಿನಿಂದ ಒಬ್ಬ. 'ನಮ್ಮಣ್ಣ ಹೋಗಿದ್ದ' ಎಂದಳು, ತಲೆ ತಗ್ಗಿಸದೆ. ಪ್ರಶ್ನೆ ಕೇಳಿದ ಹುಡುಗ ತನ್ನ ಪುಸ್ತಕದಲ್ಲಿ ಅವಳ ಉತ್ತರ ಬರೆದುಕೊಳ್ಳುತ್ತಿದ್ದ. ಪಾಠ ಮುಂದೆ ಸಾಗಿತು.

ಬೋಧನಾಭ್ಯಾಸದ ಕೊನೆಯ ದಿನ ಲೆವೆಲ್ ಪೈಪುಗಳನ್ನು ವಾಪಸ್ ಕೇಳಿದೆ. ಆರು ತುಂಡುಗಳ ಮೇಲೂ ಗುಂಪಿನ ಹೆಸರು, ಸದಸ್ಯರ ಇನಿಷಿಯಲ್‌ಗಳು ಮಾರ್ಕರ್‌ನಲ್ಲಿ ಮೂಡಿದ್ದವು. 'ಇದು ನಮ್ಮ ಪೈಪು, ಇಲ್ಲೇ ಇರಲಿ ಮಿಸ್' ಎಂದರು. ಗುಂಡು ಏರುತ್ತದೋ ಇಲ್ಲವೋ ಎಂದು ಆರೇಳು ತಲೆಗಳು ಒಂದೇ ಸ್ಕೇಲಿನ ಮೇಲೆ ಬಾಗಿ, ಉಸಿರು ಬಿಗಿಹಿಡಿದ ಕ್ಷಣಗಳು ಆ ಪೈಪಿಗೆ ಅಂಟಿಕೊಂಡಿದ್ದವು. ಪೈಪುಗಳನ್ನು ಅವರಿಗೇ ಬಿಟ್ಟು ಬಂದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಎರಡು ಮಾತು. ಭಾವಾತ್ಮಕ ವಲಯದ ಉದ್ದೇಶವೆಂದು ಬರೆಯುವಾಗ ನಾವು 'ವಿದ್ಯಾರ್ಥಿಯು ಆಸಕ್ತಿ ತೋರುವನು' ಎಂದು ಒಂದು ಸಾಲು ಬರೆದು ಮುಗಿಸುತ್ತೇವೆ. ಅದರ ಬದಲು 'ಈ ಪಾಠದಲ್ಲಿ ಮಕ್ಕಳು ಜೊತೆಯಾಗಿ ದಾಟುವ ಆತಂಕದ ಕ್ಷಣ ಯಾವುದು, ಆಗ ಅವರ ಬೆನ್ನಿಗೆ ಯಾರಿರುತ್ತಾರೆ' ಎಂದು ಬರೆದು ನೋಡಬಹುದು. ಎರಡನೆಯದು, ಮಕ್ಕಳ ಪ್ರೀತಿಯ ಜಾಗವನ್ನು ಪಾಠಕ್ಕೆ ತರುವ ಮುನ್ನ ಅರ್ಧ ಪುಟ ಬರೆಸಿ, ಎಲ್ಲವನ್ನೂ ಕೊನೆಯ ಸಾಲಿನವರೆಗೆ ಓದಿ. ಅಲ್ಲಿಗೆ ಹೋಗದೆಯೂ ಅದನ್ನು ಪ್ರೀತಿಸುವವರು ತರಗತಿಯಲ್ಲಿ ಇದ್ದೇ ಇರುತ್ತಾರೆ.